ಬ್ರಾಂಡೆಡ್ ಡೆಸ್ಕ್‌ಟಾಪ್ ಬಿಸಿ ಆಗ್ತಿದ್ಯಾ? ಹೊಸ ಕೂಲರ್ ತಗೊಳ್ಳೋ ಮುಂಚೆ ಇಷ್ಟು ನೋಡ್ಕೊಳ್ಳಿ

ರೆಡಿ ತಂದ ಡೆಸ್ಕ್‌ಟಾಪ್ ಬಿಸಿ ಆಗ್ತಿದೆ, ಫ್ಯಾನ್ ಒಂದೇ ಸಮ ಕೂಗ್ತಿದೆ ಅಂದ ತಕ್ಷಣ ಎಲ್ರೂ ಹೇಳೋದು ದೊಡ್ಡ ಕೂಲರ್ ಹಾಕ್ಸಿ ಅಂತ. ನಾನೂ ಹಾಗೇ ಒಂದು ಟವರ್ ಕೂಲರ್ (ಎತ್ತರಕ್ಕೆ ನಿಲ್ಲೋ ದೊಡ್ಡ ಕೂಲರ್) ತರಿಸ್ಕೊಂಡೆ, ಹಳೇದು ಬಿಚ್ಚಿ ನೋಡಿದ್ರೆ ಅದರ ನಾಲ್ಕೂ ಸ್ಕ್ರೂ ಮದರ್‌ಬೋರ್ಡ್ ದಾಟಿ ಹಿಂದಿರೋ ಕ್ಯಾಬಿನೆಟ್ ತಗಡಿಗೇ ಹೋಗಿ ಕೂತಿವೆ, ಹೊಸ ಕೂಲರ್ ಜೊತೆ ಬಂದ ಬ್ಯಾಕ್‌ಪ್ಲೇಟ್ (ಮದರ್‌ಬೋರ್ಡ್ ಹಿಂದೆ ಕೂತು ಕೂಲರ್ ಸ್ಕ್ರೂ ಹಿಡಿಯೋ ಪಟ್ಟಿ) ಕೂರ್ಸೋಕೆ ಜಾಗಾನೇ ಇಲ್ಲ. ಪ್ರೊಸೆಸರ್‌ಗೂ ಕೂಲರ್‌ಗೂ ನಡುವೆ ಹಚ್ಚಿರೋ ಹಳೇ ಥರ್ಮಲ್ ಪೇಸ್ಟ್ ನೋಡಿದ್ರೆ ಒಣಗಿ ಉಗುರಲ್ಲಿ ಕೆರೆದ್ರೆ ಹುಡಿ ಹುಡಿಯಾಗಿ ಉದುರ್ತಿತ್ತು. ಬೇರೆ ದಾರಿ ಇಲ್ದೆ ಹೊಸ ಕೂಲರ್ ಡಬ್ಬದಲ್ಲಿದ್ದ ಪುಟ್ಟ ಪೇಸ್ಟ್ ಟ್ಯೂಬ್ ತಗೊಂಡು ಹಳೇ ಕೂಲರ್‌ಗೇ ಹಚ್ಚಿ ವಾಪಸ್ ಕೂರ್ಸಿದೆ, 95 ಡಿಗ್ರಿ ಮುಟ್ತಿದ್ದದ್ದು 84ಕ್ಕೆ ಬಂತು. ಅಂದ್ರೆ ಕೂಲರ್ ಚಿಕ್ಕದಾಗಿದ್ದಕ್ಕಿಂತ ಪೇಸ್ಟ್ ಸತ್ತಿದ್ದೇ ದೊಡ್ಡ ತೊಂದರೆ ಆಗಿತ್ತು, ನಾನು ಅದನ್ನ ನೋಡೋಕೇ ಹೋಗಿರ್ಲಿಲ್ಲ.

ಅದಕ್ಕೇ ಮೊದಲು ಬಿಸಿ ಎಲ್ಲಿ ಸಿಕ್ಕಾಕೊಂಡಿದೆ ಅಂತ ಹುಡುಕಿ. ಪ್ರೊಸೆಸರ್ (ಇಡೀ ಡಬ್ಬಕ್ಕೇ ಸಿಪಿಯು ಅನ್ನೋ ರೂಢಿ ಇದೆ, ನಾನಿಲ್ಲಿ ಹೇಳ್ತಿರೋದು ಒಳಗಿನ ಚಿಪ್ ಬಗ್ಗೆ) ಬಿಸಿನ ಮೇಲಿನ ಲೋಹದ ಮುಚ್ಚಳಕ್ಕೆ ಕೊಡತ್ತೆ, ಅಲ್ಲಿಂದ ಪೇಸ್ಟ್, ಪೇಸ್ಟಿಂದ ಹೀಟ್‌ಸಿಂಕ್ (ಕೂಲರಿನ ಲೋಹದ ಭಾಗ), ಹೀಟ್‌ಸಿಂಕಿಂದ ಗಾಳಿಗೆ, ಆ ಗಾಳಿ ಕ್ಯಾಬಿನೆಟ್ ಬಿಟ್ಟು ಆಚೆ ಹೋಗ್ಬೇಕು. ಈ ದಾರೀಲಿ ಒಂದು ಕಡೆ ಕಟ್ಟಿಕೊಂಡ್ರೂ ಮಿಕ್ಕಿದ್ದೆಲ್ಲಾ ಎಷ್ಟು ಚೆನ್ನಾಗಿದ್ರೂ ಪ್ರಯೋಜನ ಇಲ್ಲ.

ಮೊದಲನೇ ಕೆಲಸ ಅಳತೆ. ಎಚ್‌ಡಬ್ಲ್ಯೂಇನ್ಫೋ64 (HWiNFO64) ಅನ್ನೋ ಟೆಂಪರೇಚರ್ ತೋರ್ಸೋ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಫ್ರೀ, ಸೆನ್ಸರ್ಸ್ ಮಾತ್ರ ಓಪನ್ ಮಾಡಿ. ಏನೂ ಕೆಲಸ ಕೊಡ್ದೆ ಹತ್ತು ನಿಮಿಷ ಬಿಟ್ಟು ಟೆಂಪರೇಚರ್ ಬರ್ಕೊಳ್ಳಿ, ಆಮೇಲೆ ಸಿನೆಬೆಂಚ್ ಆರ್23 (ಪ್ರೊಸೆಸರ್‌ಗೆ ಫುಲ್ ಕೆಲಸ ಕೊಡೋ ಟೆಸ್ಟ್) ಹತ್ತು ನಿಮಿಷ ಓಡ್ಸಿ ಇನ್ನೊಂದ್ಸಲ ಬರ್ಕೊಳ್ಳಿ, ರೂಮಿನ ಟೆಂಪರೇಚರ್ ಕೂಡಾ ಪಕ್ಕದಲ್ಲಿ ಇರ್ಲಿ, ಯಾಕಂದ್ರೆ ರೂಮ್ ಐದು ಡಿಗ್ರಿ ಬಿಸಿ ಆದ್ರೆ ಪ್ರೊಸೆಸರ್ರೂ ಹೆಚ್ಚುಕಮ್ಮಿ ಅಷ್ಟೇ ಮೇಲೆ ಹೋಗತ್ತೆ. ನಂಬರ್ ನೋಡಿ ಗಾಬರಿ ಬೀಳ್ಬೇಡಿ. ಇಂಟೆಲ್ 12, 13, 14ನೇ ಜನರೇಶನ್ ಡೆಸ್ಕ್‌ಟಾಪ್ ಚಿಪ್‌ಗಳ ಮಿತಿ ಸಾಮಾನ್ಯವಾಗಿ 100 ಡಿಗ್ರಿ, ಎಎಂಡಿ ರೈಜನ್ 7000 ಸೀರೀಸಲ್ಲಿ ಹೆಸರಿನ ಕೊನೇಲಿ ಎಕ್ಸ್ ಇರೋ ಚಿಪ್‌ಗಳಂತೂ ಫುಲ್ ಲೋಡಲ್ಲಿ 95 ಮುಟ್ಟೋ ಹಾಗೇ ಡಿಸೈನ್ ಆಗಿವೆ. ತಲೆ ಕೆಡಿಸ್ಕೋಬೇಕಾದ್ದು ಥರ್ಮಲ್ ಥ್ರಾಟ್ಲಿಂಗ್ ಅನ್ನೋ ಸಾಲಲ್ಲಿ ಎಸ್ ಅಂತ ಬಂದಾಗ, ಅಂದ್ರೆ ಬಿಸಿ ತಡೀಲಾರ್ದೆ ಚಿಪ್ ತಾನೇ ಸ್ಪೀಡ್ ಇಳಿಸ್ಕೊಳ್ತಿದೆ.

ನಂಬರಿಗಿಂತ ಅದು ಹೇಗೆ ಏರತ್ತೆ ಅನ್ನೋದನ್ನ ಗಮನ ಇಟ್ಟು ನೋಡಿ, ಇದು ತುಂಬಾ ಹೇಳತ್ತೆ. ಟೆಸ್ಟ್ ಶುರು ಮಾಡಿದ ಎರಡು ಮೂರು ಸೆಕೆಂಡಲ್ಲೇ 40ರಿಂದ 95ಕ್ಕೆ ಹಾರಿದ್ರೆ ಬಿಸಿ ಹೀಟ್‌ಸಿಂಕ್‌ವರೆಗೂ ಸರಿಯಾಗಿ ತಲುಪ್ತಿಲ್ಲ, ಪೇಸ್ಟ್ ಒಣಗಿದೆ, ಇಲ್ಲಾ ಕೂಲರ್ ಒಂದು ಮೂಲೆ ಎದ್ದಿದೆ, ಇಲ್ಲಾ ಚಿಪ್ ಎಳೆಯೋ ಪವರಿಗೆ ಆ ಕೂಲರ್ ಸಾಲಲ್ಲ. ಅದೇ 70ಕ್ಕೆ ಹೋಗಿ ಆಮೇಲೆ ಹತ್ತು ಹದಿನೈದು ನಿಮಿಷ ನಿಧಾನಕ್ಕೆ ಏರ್ತಾ ಏರ್ತಾ 90 ದಾಟಿದ್ರೆ ಕ್ಯಾಬಿನೆಟ್ ಒಳಗೆ ಬಿಸಿ ಗಾಳಿ ಕೂಡಿ ಹಾಕ್ಕೊಂಡಿದೆ. ಆಗ ಸೈಡ್ ಪ್ಯಾನೆಲ್ ತೆಗೆದಿಟ್ಟು ಅದೇ ಟೆಸ್ಟ್ ಮತ್ತೆ ಓಡ್ಸಿ. ಎಂಟು ಹತ್ತು ಡಿಗ್ರಿ ಇಳೀತಾ? ಹಾಗಾದ್ರೆ ನಿಮಗೆ ಬೇಕಿರೋದು ಕೂಲರ್ ಅಲ್ಲ, ಗಾಳಿ. ಬ್ರಾಂಡೆಡ್ ಡಬ್ಬಗಳಲ್ಲಿ ಮುಂದಿನ ಪ್ಲಾಸ್ಟಿಕ್ ಮುಖ ಪೂರ್ತಿ ಮುಚ್ಚಿರತ್ತೆ, ಅಂಚಲ್ಲಿ ಸಣ್ಣ ಸೀಳು ಬಿಟ್ಟಿರ್ತಾರೆ, ಹಿಂದೆ ಒಂದೇ ಒಂದು 92 ಅಥವಾ 80 ಮಿಲಿಮೀಟರ್ ಫ್ಯಾನ್, ಅದು ಬಿಸಿ ಗಾಳಿ ಎಳೀಬೇಕು ಅಂದ್ರೂ ಒಳಗೆ ತಣ್ಣನೆ ಗಾಳಿ ಬರೋಕೆ ದಾರಿನೇ ಇರಲ್ಲ. ಮುಂದೆ ಫ್ಯಾನ್ ಸ್ಕ್ರೂ ತೂತುಗಳಿದ್ರೆ ಅಲ್ಲೊಂದು 120 ಮಿಲಿಮೀಟರ್ ಫ್ಯಾನ್ ಒಳಮುಖ ಮಾಡಿ ಹಾಕಿ, ಹಿಂದಿನದು ಹೊರಮುಖ ಇರ್ಲಿ. ಸಾಮಾನ್ಯವಾಗಿ ಫ್ಯಾನಿನ ಕಡ್ಡಿಗಳಿರೋ ಬದಿಯಿಂದ ಗಾಳಿ ಆಚೆ ಬರತ್ತೆ, ಡೌಟ್ ಇದ್ರೆ ಒಂದು ಚೂರು ಪೇಪರ್ ಹಿಡಿದು ನೋಡಿ. ಗ್ರಾಫಿಕ್ಸ್ ಕಾರ್ಡ್ ಇರೋರಿಗೆ ಇದು ಇನ್ನೂ ಮುಖ್ಯ, ಆ ಕಾರ್ಡಿನ ಬಿಸಿ ಎಲ್ಲಾ ಮೇಲೆ ಬಂದು ಪ್ರೊಸೆಸರ್ ಕೂಲರ್ ಅದನ್ನೇ ಉಸಿರಾಡ್ತಿರತ್ತೆ.

ಧೂಳು ತೆಗೆಯೋದು ಎಲ್ರಿಗೂ ಗೊತ್ತು, ಎರಡೇ ಮಾತು: ಪವರ್ ಕೇಬಲ್ ಕಿತ್ತು ಆಮೇಲೆ ಬಿಚ್ಚಿ, ಬ್ಲೋವರ್ ಹಿಡಿಯೋವಾಗ ಫ್ಯಾನ್ ರೆಕ್ಕೆ ತಿರುಗದ ಹಾಗೆ ಬೆರಳಲ್ಲಿ ಒತ್ತಿ ಹಿಡ್ಕೊಳ್ಳಿ. ವಾರಂಟಿ ಇನ್ನೂ ಇದ್ರೆ ಅದರ ಷರತ್ತು ಓದಿ ಆಮೇಲೆ ಕೈ ಹಾಕಿ.

ಇನ್ನು ಪೇಸ್ಟ್. ಕೂಲರ್ ಬಿಚ್ಚೋ ಮುಂಚೆ ಕಂಪ್ಯೂಟರ್ ಹತ್ತು ನಿಮಿಷ ಕೆಲಸ ಮಾಡ್ಸಿ, ಬಿಸಿ ಇದ್ರೆ ಪೇಸ್ಟ್ ಸಡಿಲ ಆಗತ್ತೆ, ಆಫ್ ಮಾಡಿ ಕೇಬಲ್ ಕಿತ್ತು ಸ್ಕ್ರೂ ಬಿಚ್ಚಿ. ರೈಜನ್ ಎಎಂ4 ಸಾಕೆಟ್ (ಚಿಪ್ ಕೂರೋ ಜಾಗ) ಇರೋರು ದಯವಿಟ್ಟು ಕೂಲರನ್ನ ನೇರ ಮೇಲಕ್ಕೆ ಎಳೀಬೇಡಿ, ಮೊದಲು ಎಡಕ್ಕೆ ಬಲಕ್ಕೆ ನಿಧಾನಕ್ಕೆ ತಿರುಗ್ಸಿ ಬಿಡಿಸ್ಕೊಳ್ಳಿ, ಯಾಕಂದ್ರೆ ಆ ಚಿಪ್‌ಗೆ ಕೆಳಗೆ ಪಿನ್‌ಗಳಿರ್ತವೆ, ಲಾಕ್ ಹಾಕಿದ್ರೂ ಕೂಲರ್‌ಗೆ ಅಂಟ್ಕೊಂಡು ಸಾಕೆಟಿಂದ ಕಿತ್ಕೊಂಡು ಬಂದ್ಬಿಡತ್ತೆ, ಪಿನ್ ಬಗ್ಗತ್ತೆ. ಹಳೇದನ್ನ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ನೂಲು ಬಿಡದ ಬಟ್ಟೇಲಿ ಒರೆಸಿ, ಮುಚ್ಚಳದ ಮೇಲಿನ ಅಕ್ಷರ ಸ್ಪಷ್ಟ ಕಾಣೋವರೆಗೂ. ಮಧ್ಯದಲ್ಲಿ ಬಟಾಣಿ ಕಾಳಿನಷ್ಟು ಇಡಿ, ಇಂಟೆಲ್ 12ನೇ ಜನರೇಶನ್ನಿಂದ ಚಿಪ್ ಉದ್ದ ಆಗಿದೆ, ಅದಕ್ಕೆ ಉದ್ದಕ್ಕೊಂದು ಗೆರೆ ಎಳೆದ್ರೆ ಚೆನ್ನಾಗಿ ಹರಡತ್ತೆ. ಸ್ಕ್ರೂ ಬಿಗಿಯೋವಾಗ ಒಂದನ್ನೇ ಪೂರ್ತಿ ಬಿಗೀಬೇಡಿ, ಒಂದು ಮೂಲೆ ಎರಡು ಸುತ್ತು, ಅದರ ಎದುರು ಮೂಲೆ ಎರಡು ಸುತ್ತು, ಹೀಗೆ.

ಇಷ್ಟೆಲ್ಲಾ ಆದ್ಮೇಲೂ ಥ್ರಾಟ್ಲಿಂಗ್ ನಿಲ್ಲಲಿಲ್ಲ ಅಂದ್ರೆ ಆಗ ಕೂಲರ್ ಬದಲಾಯ್ಸೋ ಮಾತು. ಇದು ಆಗೋದೂ ಉಂಟು, ಐ7-13700 ಮೇಲೆ 65 ವ್ಯಾಟ್ ಅಂತ ಬರ್ದಿದ್ರೂ ಟರ್ಬೋದಲ್ಲಿ (ಚಿಪ್ ತಾನೇ ಸ್ಪೀಡ್ ಏರಿಸ್ಕೊಂಡಾಗ) 219 ವ್ಯಾಟ್‌ವರೆಗೂ ಎಳೆಯೋ ಅವಕಾಶ ಇದೆ, ಅಂಗೈ ಅಗಲದ ಅಲ್ಯೂಮಿನಿಯಂ ತುಂಡು ಅದನ್ನ ಹೇಗೆ ತಡೆಯತ್ತೆ ಹೇಳಿ. ಆದ್ರೆ ತಗೊಳ್ಳೋ ಮುಂಚೆ ಮೂರು ವಿಷಯ ಗಟ್ಟಿ ಮಾಡ್ಕೊಳ್ಳಿ.

ಮೊದಲನೇದು ಎತ್ತರ. ಕ್ಯಾಬಿನೆಟ್ ಮಲಗ್ಸಿ, ಪ್ರೊಸೆಸರ್ ಮುಚ್ಚಳದ ಮೇಲಿಂದ ಸೈಡ್ ಪ್ಯಾನೆಲ್ ಕೂರೋ ಅಂಚಿನವರೆಗೂ ಸ್ಕೇಲಲ್ಲಿ ಅಳೀರಿ, ಪ್ಯಾನೆಲ್ ಒಳಗಡೆ ಉಬ್ಬು ಏನಾದ್ರೂ ಇದ್ರೆ ಅದನ್ನೂ ಕಳೀರಿ. ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ 120 ಎಸ್‌ಇ 155 ಮಿಲಿಮೀಟರ್ ಎತ್ತರ, ನಾಕ್ಟುವಾ ಎನ್‌ಎಚ್-ಯು12ಎಸ್ 158, ಇವು ಸಣ್ಣ ಕ್ಯಾಬಿನೆಟಲ್ಲಿ ಕೂರೋದೇ ಇಲ್ಲ. ಜಾಗ ಕಮ್ಮಿ ಇದ್ರೆ 70 ಮಿಲಿಮೀಟರಿನ ಎನ್‌ಎಚ್-ಎಲ್12ಎಸ್ ತರದ ಚಪ್ಪಟೆ ಕೂಲರ್ ನೋಡಿ.

ಎರಡನೇದು ತೂತು. ಇಂಟೆಲ್ ಎಲ್‌ಜಿಎ1200 ಸಾಕೆಟಲ್ಲಿ ಕೂಲರ್ ಸ್ಕ್ರೂ ತೂತುಗಳ ನಡುವೆ 75 ಮಿಲಿಮೀಟರ್, ಎಲ್‌ಜಿಎ1700ರಲ್ಲಿ 78. ನಾನು ಎಡವಿದ್ದು ಇಲ್ಲೇ, ತೂತಿನ ಅಂತರ ಸರಿ ಇದ್ರೂ ಹಿಂದೆ ಏನಿದೆ ಅಂತ ನೋಡ್ಲಿಲ್ಲ. ಮದರ್‌ಬೋರ್ಡ್ ಹಿಂದಿನ ಪ್ಯಾನೆಲ್ ತೆಗೆದು ಟಾರ್ಚ್ ಹಾಕಿ ನೋಡಿ, ಬ್ಯಾಕ್‌ಪ್ಲೇಟ್ ಬಿಚ್ಚೋಕೆ ಬರತ್ತಾ, ಕ್ಯಾಬಿನೆಟ್ ತಗಡಿಗೇ ಸೇರಿದ್ಯಾ ಅಂತ. ಸೇರಿದ್ರೆ ಅದೇ ಕಂಪನಿ ಅದೇ ಮಾಡೆಲ್ಲಿನ ದೊಡ್ಡ ಪ್ರೊಸೆಸರ್ ಇರೋ ಮೆಷಿನ್ನಿಗೆ ಕೊಡೋ ಕೂಲರ್ ಹುಡುಕಿ, ಸಾಮಾನ್ಯವಾಗಿ ಅದು ನೇರ ಕೂರತ್ತೆ.

ಮೂರನೇದು ಫ್ಯಾನ್ ವೈರ್. ಮಾಮೂಲಿ ಕೂಲರ್‌ಗೆ 4 ಪಿನ್, ಕೆಲವು ಬ್ರಾಂಡೆಡ್ ಬೋರ್ಡಲ್ಲಿ 5 ಪಿನ್ ಇರತ್ತೆ, ಅಲ್ಲಿ ಬಲವಂತವಾಗಿ ತುರುಕ್ಬೇಡಿ, ಆ ಮಾಡೆಲ್ಲಿಗೆ ಅಂತಲೇ ಇರೋ ಕನ್ವರ್ಟರ್ ಕೇಬಲ್ ತಗೊಳ್ಳಿ. ತನ್ನ ಹಳೇ ಫ್ಯಾನ್ ಕನೆಕ್ಟ್ ಆಗಿಲ್ಲ ಅಂದ್ರೆ ಆನ್ ಮಾಡಿದಾಗೆಲ್ಲಾ ಫ್ಯಾನ್ ಎರರ್ ತೋರಿಸಿ ನಿಲ್ಲೋ ಬೋರ್ಡ್‌ಗಳೂ ಇವೆ.

ಯಾವ ಕೂಲರ್ರೂ ಕೂರಲ್ಲ ಅಂತಾದ್ರೆ ಪವರ್ ಇಳಿಸಿ. ಬಯಾಸಲ್ಲಿ (ವಿಂಡೋಸ್ ಶುರು ಆಗೋ ಮುಂಚೆ ತೆರೆಯೋ ಸೆಟ್ಟಿಂಗ್ಸ್) ಪವರ್ ಲಿಮಿಟ್ ಆಪ್ಷನ್ ಇದ್ರೆ ಒಳ್ಳೇದು, ಇಲ್ದಿದ್ರೆ ವಿಂಡೋಸ್ ಪವರ್ ಆಪ್ಷನ್ಸಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 99 ಪರ್ಸೆಂಟ್ ಮಾಡಿ, ಟರ್ಬೋ ನಿಲ್ಲತ್ತೆ, ಸ್ಪೀಡ್ ಸ್ವಲ್ಪ ಹೋಗತ್ತೆ ನಿಜ, ಆದ್ರೆ ದಿನಾ ಬ್ರೌಸರ್, ಟೈಪಿಂಗ್, ವೀಡಿಯೊ ನೋಡೋರಿಗೆ ಗೊತ್ತೂ ಆಗಲ್ಲ.

ಹೊಸ ಕೂಲರ್ ಹಾಕಿದ್ಮೇಲೆ ಮೊದಲನೇ ಸಲ ನೇರ ವಿಂಡೋಸ್‌ಗೆ ಹೋಗ್ಬೇಡಿ, ಬಯಾಸಲ್ಲಿ ನಿಂತು ಎರಡು ನಿಮಿಷ ಟೆಂಪರೇಚರ್ ನೋಡಿ. 40, 45ರ ಆಸುಪಾಸು ನಿಂತ್ರೆ ಸರಿ. ಕಣ್ಣೆದುರೇ 60, 70, 80 ಅಂತ ಏರ್ತಾ ಹೋದ್ರೆ ತಕ್ಷಣ ಆಫ್ ಮಾಡಿ ಬಿಚ್ಚಿ, ಕೂಲರ್ ತಳದಲ್ಲಿ ಅಂಟಿಸಿರೋ ತೆಳು ಪ್ಲಾಸ್ಟಿಕ್ ಹಾಳೆ ತೆಗೆಯೋದು ಮರೆತಿರ್ತೀರಿ.