ಹುಳುವಿನ ಲೆಕ್ಕ ಕೇಳಿದೆವು, 21 ಸಿಕ್ಕಿತು

ಶಿಡ್ಲಘಟ್ಟದ ಕಡೆ ಯಾರು ಏನು ದುಡಿಯುತ್ತಾರೆಂದು ಮನೆಮನೆ ಸಮೀಕ್ಷೆ ಮಾಡಿದವರಿಗೆ ಈ ಉತ್ತರ ಬಾಯಿಪಾಠವಾಗಿರುತ್ತದೆ: "ನಮ್ಮ ಮನೆಯವಳಾ? ಏನೂ ಇಲ್ಲ ಮೇಡಂ, ಮನೆಯಲ್ಲೇ ಇರುತ್ತಾಳೆ." ಗಣತಿದಾರರು 92, ಅಂದರೆ ಬರೀ ಮನೆಗೆಲಸ ಎಂಬ ಸಂಕೇತ ಬರೆದು ಮುಂದಿನ ಬಾಗಿಲು ತಟ್ಟುತ್ತಾರೆ. ಆಕೆ ಅದೇ ಹೊತ್ತಿನಲ್ಲಿ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿರುತ್ತಾಳೆ.

ಗಂಡಸರನ್ನು ಬಿಟ್ಟು ಹೆಂಗಸರನ್ನೇ ಕೇಳಿಸಿದೆ. ಅವರೂ ಅದನ್ನೇ ಹೇಳಿದರು. ಆಮೇಲೆ 2019ರ ಸಮಯ ಬಳಕೆ ಸಮೀಕ್ಷೆಯ ಮಾದರಿಯಲ್ಲಿ ನಿನ್ನೆ ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ ಏನೇನು ಮಾಡಿದರೆಂದು ಅರ್ಧರ್ಧ ಗಂಟೆಯ ಚೌಕ ತುಂಬಿಸಿದೆ. ಗೂಡು ಮಾರಿ ಬಂದ ಮನೆಗೆ ಹೋದರೆ ಹುಳುಮನೆ ಖಾಲಿ, ತೊಳೆದು ಬ್ಲೀಚಿಂಗ್ ಪುಡಿ ಹೊಡೆದಿರುತ್ತಾರೆ. 'ನಿನ್ನೆ'ಯಲ್ಲಿ ಅಡುಗೆ, ಬಟ್ಟೆ ಬಿಟ್ಟು ಬೇರೇನೂ ಸಿಗದು. ಗೌರವಧನ, ಪೆಟ್ರೋಲು ಸೇರಿ ನಲವತ್ತು ಸಾವಿರದ ಆಸುಪಾಸು ಕೈಬಿಟ್ಟಿತು. ಹಣ ಕೊಟ್ಟವರು "ಹಳೆಯ ನಮೂನೆಯೇ ಸಾಕು" ಎಂದು ಪತ್ರ ಬರೆದರು.

ಆಗ ಹೆಂಗಸಿನ ವಿಷಯ ಬಿಟ್ಟು ಹುಳುವಿನ ವಿಷಯ ಕೇಳತೊಡಗಿದೆವು. ಚಾಕಿ (ಎಳೆಯ ಹುಳು) ಮನೆಗೆ ತಂದದ್ದು ಯಾವಾಗ? ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹಂತ) ಎದ್ದ ಮೇಲೆ ರಾತ್ರಿಯ ಸೊಪ್ಪು ಯಾರು ಹಾಕಿದರು? ಹಿಕ್ಕೆ ತೆಗೆದವರು? ಹಣ್ಣಾದ ಹುಳು ಆರಿಸಿ ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟವರು? "ನಾನೇ, ಇನ್ಯಾರು ಮಾಡುತ್ತಾರೆ?" ಎಂದು ಒಬ್ಬಾಕೆ ರೇಗಿದಳು. ಒಂದು ಬೆಳೆಗೆ ಹುಳು ಮನೆಯಲ್ಲಿರುವುದು ಹೆಚ್ಚುಕಡಿಮೆ ಇಪ್ಪತ್ತು ದಿನ. ವರ್ಷದಲ್ಲಿ ಪೂರಕ ಕೆಲಸ ಎಂದು ಬರೆಯಲು ಬೇಕಾದ 30 ದಿನದ ಗಡಿ ಎರಡು ಬೆಳೆಗೇ ದಾಟಿತು; ಮುಖ್ಯ ಚಟುವಟಿಕೆಯಲ್ಲಿ 92 ಉಳಿದರೂ ಪೂರಕದಲ್ಲಿ 21, ಅಂದರೆ ಮನೆಯ ಉದ್ಯೋಗದಲ್ಲಿ ಸಂಬಳವಿಲ್ಲದೆ ದುಡಿಯುವವಳು ಎಂದು ಬರೆಯಲು ಯಾರೂ ತಕರಾರು ಮಾಡುವಂತಿಲ್ಲ. ಹಳೆಯ ಪಟ್ಟಿಯಲ್ಲಿ ಹತ್ತು ಹೆಂಗಸರಲ್ಲಿ ಇಬ್ಬರೋ ಮೂವರೋ ದುಡಿಯುವವರಿದ್ದರು. ಅದೇ ಬೀದಿಗಳಲ್ಲಿ ಈಗ ಏಳೆಂಟು ಮಂದಿ. ಅಂದು ನಕ್ಕವರು ಇಂದು ಪ್ರಶ್ನಾವಳಿ ಕಳಿಸಿ ಎಂದು ಫೋನ್ ಮಾಡುತ್ತಾರೆ.

ಖರ್ಚು ಹೆಚ್ಚುತ್ತದೆ, ಸುಳ್ಳೇಕೆ? ಮನೆಗೆ ನೂರಿಪ್ಪತ್ತು ರೂಪಾಯಿ ಇದ್ದದ್ದು ಇನ್ನೂರರ ಹತ್ತಿರ ಹೋಯಿತು, ಏಕೆಂದರೆ ಹೆಂಗಸನ್ನು ಒಬ್ಬಳನ್ನೇ ಕೇಳಲು ಇಬ್ಬರು ಹೋಗಬೇಕು. ಹುಡುಗ ಯಜಮಾನರನ್ನು ಹಿಪ್ಪುನೇರಳೆ ತೋಟಕ್ಕೆ ಕರೆದೊಯ್ದು ಕೊಳವೆಬಾವಿ ಎಷ್ಟು ಅಡಿ ಎಂದು ಕೇಳುತ್ತಾನೆ. ನಮ್ಮ ಜಿಲ್ಲೆಯಲ್ಲಿ ಆ ಮಾತು ಅರ್ಧ ಗಂಟೆಯೊಳಗೆ ಮುಗಿದದ್ದಿಲ್ಲ. ಅತ್ತೆಯನ್ನು ಪಕ್ಕದಿಂದ ಎಬ್ಬಿಸುವ ಉಪಾಯ ಮಾತ್ರ ನನ್ನಲ್ಲೇ ಇರಲಿ.

ಇದರ ನಡುವೆ ಹಸುವಿನ ಮೇಲೂ ಕೈಯಾಡಿಸಿದೆ. ಡೇರಿಯ ಪುಸ್ತಕ ಗಂಡನ ಹೆಸರಿನಲ್ಲಿದ್ದ ಮನೆಗಳಲ್ಲಿ ಹಸು ಕರು ಹಾಕಿದ್ದು ಯಾವಾಗ ಎಂದು ಇಬ್ಬರನ್ನೂ ಬೇರೆಬೇರೆ ಕೇಳಿಸಿದೆ. ಹೆಂಡತಿ ವಾರ ಸಹಿತ ಹೇಳಿದಳು, ಗಂಡ ತಿಂಗಳನ್ನೇ ತಪ್ಪಿದ. ಹೆಚ್ಚಿನ ಮನೆಗಳಲ್ಲಿ ಇದೇ ಕಥೆ. ಮುಂದಿನ ಸುತ್ತಿಗೆ ಆ ಪ್ರಶ್ನೆ ಸೇರಿಸಿದ್ದೇನೆ. ಮನೆಗೆ ಎರಡು ನಿಮಿಷ ಹೆಚ್ಚು, ಅಷ್ಟೇ.