ಇಂಗ್ಲೆಂಡಿನಲ್ಲಿ ಮನೆ ಕೊಳ್ಳಲು ಸಾಲಿಸಿಟರನ್ನು ಆರಿಸಿಕೊಂಡ ಬಗೆ: ನನ್ನ ಅನುಭವ

ಮನೆ ಗೊತ್ತಾಗುವ ಮೊದಲೇ ಸಾಲಿಸಿಟರನ್ನು (ಖರೀದಿಯ ಕಾನೂನು ಕೆಲಸ ನೋಡುವ ವಕೀಲರನ್ನು) ಗೊತ್ತುಮಾಡಿಕೊಳ್ಳುವುದು, ಹಣದ ಮೂಲದ ಕಾಗದಗಳನ್ನು ಅವರು ಕೇಳುವ ಮೊದಲೇ ಒಪ್ಪಿಸುವುದು, ಟೈಟಲ್ (ಒಡೆತನದ) ಪತ್ರಗಳನ್ನು ಅವರು ಓದಿ ಮುಗಿಸುವ ತನಕ ಸರ್ಚ್‌ಗಳಿಗೆ (ಮನೆಯ ಬಗ್ಗೆ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಮುಂತಾದವರಿಂದ ತರಿಸುವ ಮಾಹಿತಿಗೆ) ಒಂದು ಪೌಂಡನ್ನೂ ಕಟ್ಟದಿರುವುದು. ಈ ಕ್ರಮವನ್ನು ಹೇಳಿದಾಗ ರೆಡಿಂಗ್ ಪಟ್ಟಣದ ನಮ್ಮ ಬಳಗದಲ್ಲಿ ಒಬ್ಬರೂ ಒಪ್ಪಲಿಲ್ಲ. ಕನ್ವೇಯನ್ಸಿಂಗ್ (ಮನೆಯ ಒಡೆತನ ವರ್ಗಾಯಿಸುವ ಕಾನೂನು ಕೆಲಸ) ಎಂದರೆ ಎಲ್ಲರೂ ಅದೇ ಅರ್ಜಿಗಳನ್ನು ತುಂಬುವ ಕೆಲಸ, ಅಗ್ಗವಾದವರನ್ನು ಹಿಡಿದರೆ ಸಾಕು, ಸರ್ಚ್ ತಡವಾದರೆ ಮನೆ ಕೈತಪ್ಪುತ್ತದೆ ಎಂದು ತಿಳಿದವರೇ ಎಚ್ಚರಿಸಿದರು. ಈಗ ಆ ಮನೆಯಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಆಫರ್ ಒಪ್ಪಿಗೆಯಾದಂದಿನಿಂದ ಎಕ್ಸ್‌ಚೇಂಜ್ (ಕರಾರು ಇಬ್ಬರಿಗೂ ಬದ್ಧವಾಗುವ ಹಂತ) ಆಗುವವರೆಗೆ ಹಿಡಿದದ್ದು ಸುಮಾರು ಎರಡೂವರೆ ತಿಂಗಳು. ನನ್ನನ್ನು ಎಚ್ಚರಿಸಿದವರಲ್ಲಿ ಹೆಚ್ಚಿನವರಿಗೆ ಇದಕ್ಕಿಂತ ಜಾಸ್ತಿ ಹಿಡಿದಿತ್ತು.

ಈ ಕ್ರಮ ಹುಟ್ಟಿದ್ದು ಮುರಿದುಬಿದ್ದ ಮೊದಲ ವ್ಯವಹಾರದಿಂದ. ಎರಡು ಕೋಣೆಯ ಲೀಸ್‌ಹೋಲ್ಡ್ (ನೆಲದ ಒಡೆಯರಿಂದ ದೀರ್ಘಾವಧಿ ಗುತ್ತಿಗೆಗೆ ಪಡೆದ) ಫ್ಲ್ಯಾಟ್, ಬೆಲೆ ಸುಮಾರು 2.90 ಲಕ್ಷ ಪೌಂಡ್. ಎಸ್ಟೇಟ್ ಏಜೆಂಟರು ಸೂಚಿಸಿದ ಸಂಸ್ಥೆಯೇ ಕೆಲಸ ವಹಿಸಿಕೊಂಡಿತ್ತು. ಆ ಸೂಚನೆಗೆ ಏಜೆಂಟರಿಗೆ ರೆಫರಲ್ ಹಣ ಸಲ್ಲುತ್ತದೆಂಬುದು ಕಾಗದದಲ್ಲಿ ಸ್ಪಷ್ಟವಾಗಿಯೇ ಇತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅವರು ಕೆಲಸ ಮಾಡಿದ ಸರದಿಯ ಬಗ್ಗೆ. ಲೀಸ್ ಪತ್ರ ಕರಡು ಕರಾರಿನ ಜೊತೆಯಲ್ಲೇ ಬಂದಿದ್ದರೂ ಅದನ್ನು ಯಾರೂ ತೆರೆದು ನೋಡಲಿಲ್ಲ. ಮೊದಲ ವಾರವೇ ಸರ್ಚ್‌ಗಳಿಗೆ ಹಣ ಕಟ್ಟಿಸಿಕೊಂಡರು, ಸರ್ವೆ (ಕಟ್ಟಡದ ತಪಾಸಣೆ) ಮಾಡಿಸಲು ಹೇಳಿದರು, ನಡುವೆ ನಮ್ಮ ಕೇಸ್ ನೋಡುವವರು ಬದಲಾದರು. ಎರಡು ತಿಂಗಳು ಕಳೆದ ಮೇಲೆ ಹೊಸಬರು ಲೀಸ್ ಓದಿ, ವರ್ಷಕ್ಕೆ 300 ಪೌಂಡ್ ಗ್ರೌಂಡ್ ರೆಂಟ್ (ನೆಲದ ಒಡೆಯರಿಗೆ ಕಟ್ಟುವ ಬಾಡಿಗೆ) ಇದೆ, ಅದು ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದು ತಿಳಿಸಿದರು. ಗ್ರೌಂಡ್ ರೆಂಟ್ ಬೆಲೆಯ ಶೇ. 0.1ನ್ನು ಮೀರಿದರೆ ಅನೇಕ ಸಾಲದಾತರು ಹಿಂದೆಗೆಯುತ್ತಾರೆ, ನಮ್ಮವರೂ ಹಿಂದೆಗೆದರು. 2022ರ ಜೂನ್ 30ರ ನಂತರದ ಹೊಸ ಲೀಸ್‌ಗಳಲ್ಲಿ ಸಾಮಾನ್ಯವಾಗಿ ಈ ಕಾಟವಿಲ್ಲ, ಆದರೆ ಇದು ಹಳೆಯ ಲೀಸ್. ಸರ್ವೆಗೆ 600ರ ಆಸುಪಾಸು, ಸರ್ಚ್‌ಗಳಿಗೆ 350, ಅರ್ಧಕ್ಕೆ ನಿಂತ ಕೆಲಸಕ್ಕೆ ಇನ್ನೊಂದು 500. ಹೀಗೆ ಸುಮಾರು 1,500 ಪೌಂಡ್ ನೀರುಪಾಲಾಯಿತು. ಮೊದಲ ದಿನ ಅರ್ಧ ಗಂಟೆ ಕೂತು ಲೀಸ್ ಓದಿದ್ದರೆ ಇದರಲ್ಲಿ ಬಹುಪಾಲು ಉಳಿಯುತ್ತಿತ್ತು ಎಂಬುದು ನನ್ನನ್ನು ಬಹಳ ದಿನ ಕಾಡಿತು.

ಮುಂದಿನ ಮನೆ ಹುಡುಕುವ ಮೊದಲು ಸಾಲಿಸಿಟರ್ ಸಂಸ್ಥೆಗಳಿಗೆ ಒಂದೊಂದಾಗಿ ಫೋನ್ ಮಾಡಿದೆ. ಲಾ ಸೊಸೈಟಿಯ (ಸಾಲಿಸಿಟರುಗಳ ಸಂಘದ) ಕನ್ವೇಯನ್ಸಿಂಗ್ ಕ್ವಾಲಿಟಿ ಸ್ಕೀಮ್ ಮಾನ್ಯತೆ, ಸಾಲದಾತರ ಪ್ಯಾನೆಲ್ಲಿನಲ್ಲಿ (ಅವರು ಒಪ್ಪಿದ ಸಂಸ್ಥೆಗಳ ಪಟ್ಟಿಯಲ್ಲಿ) ಸ್ಥಾನ ಇವೆರಡು ಇರಲೇಬೇಕು. ನಾನು ಪರೀಕ್ಷೆಗೆ ಇಟ್ಟುಕೊಂಡದ್ದು ಬೇರೆ. ‘ನನ್ನ ಕೇಸ್ ನೋಡುವವರ ಕೈಯಲ್ಲಿ ಈಗ ಎಷ್ಟು ಫೈಲುಗಳಿವೆ?’ ಎಂದು ಕೇಳುತ್ತಿದ್ದೆ. ನಲವತ್ತು ಎಂದವರೂ ಸಿಕ್ಕರು, ನೂರು ದಾಟಿದೆ ಎಂದವರೂ ಸಿಕ್ಕರು, ಉತ್ತರಿಸದೆ ದರಪಟ್ಟಿ ಕಳುಹಿಸುತ್ತೇವೆ ಎಂದವರೇ ಹೆಚ್ಚು. ಆಮೇಲೆ ಮಾತಿನ ನಡುವೆ, ಮೈಸೂರಿನಲ್ಲಿ ನನ್ನದೊಂದು ಸೈಟ್ ಇತ್ತು, ಹಾಸನದಲ್ಲಿ ಹೆಂಡತಿಯ ತವರುಮನೆ ಇದೆ ಎಂದು ಹೇಳಿ ಸುಮ್ಮನಾಗುತ್ತಿದ್ದೆ.

ಸಾಲಿಸಿಟರ್ ಕಿವಿ ನೆಟ್ಟಗಾಗಬೇಕಾದ್ದು ಇಲ್ಲಿ. ಸ್ಟಾಂಪ್ ಡ್ಯೂಟಿಯ ಲೆಕ್ಕದಲ್ಲಿ ಜಗತ್ತಿನ ಎಲ್ಲಿರುವ ವಾಸದ ಮನೆಯೂ ಗಣನೆಗೆ ಬರುತ್ತದೆ. ಗಂಡಹೆಂಡಿರಲ್ಲಿ ಯಾರ ಹೆಸರಿನಲ್ಲಾದರೂ 40,000 ಪೌಂಡ್ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಪಾಲಿದ್ದರೆ, ಇಲ್ಲಿ ಕೊಳ್ಳುವ ಮನೆಗೆ ಸಾಮಾನ್ಯವಾಗಿ ಶೇ. 5 ಹೆಚ್ಚುವರಿ ಬೀಳುತ್ತದೆ, ಮೊದಲ ಮನೆಯ ರಿಯಾಯಿತಿಯೂ ತಪ್ಪುತ್ತದೆ. ನಾವು ಕೊಂಡ ಮನೆಯ ಬೆಲೆ ಸುಮಾರು 4.20 ಲಕ್ಷ ಪೌಂಡ್. ಅದಕ್ಕೆ ರಿಯಾಯಿತಿಯೊಡನೆ ತೆರಿಗೆ 6,000. ಹೆಚ್ಚುವರಿ ಬಿದ್ದರೆ 32,000. ಊರಿನಲ್ಲಿ ತಂದೆಯ ಮನೆಯಲ್ಲಿ ಪಾಲಿರುವ ನಮ್ಮವರು ಎಷ್ಟು ಜನ! ಆದರೂ ಫೋನಿನಲ್ಲಿ ಸಿಕ್ಕವರಲ್ಲಿ ಹೆಚ್ಚಿನವರು ಮುಂದಕ್ಕೆ ಹೋಗಿಬಿಟ್ಟರು. ಒಬ್ಬ ಮಹಿಳೆ ಮಾತ್ರ ತಡೆದು ನಿಲ್ಲಿಸಿ, ಸೈಟಿನ ಮೇಲೆ ಎಂದಾದರೂ ಮನೆ ಕಟ್ಟಿತ್ತೇ, ಹಾಸನದ ಮನೆ ಯಾರ ಹೆಸರಿನಲ್ಲಿದೆ, ಅದಕ್ಕೆ ದಾಖಲೆ ಏನಿದೆ ಎಂದು ಕೇಳಿದರು. ಖಾಲಿ ಸೈಟು ವಾಸದ ಮನೆಯಲ್ಲ, ಹಾಸನದ ಮನೆಯನ್ನು ಅತ್ತೆಯವರೇ ಕೊಂಡದ್ದು, ಖಾತೆಯೂ ಅವರದೇ. ಆ ಮಹಿಳೆಯ ಫೀಸು ವ್ಯಾಟ್ ಬಿಟ್ಟು 1,500ರ ಹತ್ತಿರವಿತ್ತು, ಆನ್‌ಲೈನ್ ಸಂಸ್ಥೆಗಳದು ಅದರ ಅರ್ಧ. ಆ ದಿನವೇ ಅವರನ್ನು ಗೊತ್ತುಮಾಡಿದೆ. ನಾನು ಕೇಳುವ ಮೂರನೆಯ ಪ್ರಶ್ನೆಯೂ ಒಂದಿದೆ. ಅದನ್ನು ಬರೆಯುವುದಿಲ್ಲ, ಹತ್ತು ಜನ ಕೇಳತೊಡಗಿದರೆ ಅದಕ್ಕೂ ಸಿದ್ಧ ಉತ್ತರ ಹುಟ್ಟಿಕೊಳ್ಳುತ್ತದೆ.

ನಮ್ಮಂಥವರ ಕೇಸುಗಳು ಹೆಚ್ಚಾಗಿ ಸಿಕ್ಕಿಬೀಳುವುದು ಹಣದ ಮೂಲದಲ್ಲಿ. ಮನೆ ಇನ್ನೂ ಸಿಕ್ಕಿರದಾಗಲೇ ನಾನು ಫೈಲ್ ಒಪ್ಪಿಸಿದೆ. ಸೈಟು ಕೊಂಡಾಗಿನ ಹಾಗೂ ಮಾರಿದಾಗಿನ ಕ್ರಯಪತ್ರಗಳು, ಕನ್ನಡದಲ್ಲಿದ್ದ ಅವುಗಳ ದೃಢೀಕರಿಸಿದ ಇಂಗ್ಲಿಷ್ ಅನುವಾದ, ಎನ್‌ಆರ್‌ಒ (ಅನಿವಾಸಿಗಳು ಭಾರತದಲ್ಲಿ ಇಡುವ) ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಹಣ ಹೊರತರುವಾಗ ಕೊಟ್ಟ 15ಸಿಎ ಮತ್ತು 15ಸಿಬಿ ತೆರಿಗೆ ನಮೂನೆಗಳು, ಮಾವನವರು ಕೊಟ್ಟ ಹಣಕ್ಕೆ ಇದು ಸಾಲವಲ್ಲ, ಮನೆಯಲ್ಲಿ ತಮಗೆ ಹಕ್ಕು ಬೇಡ ಎಂದು ಅವರೇ ಸಹಿ ಮಾಡಿದ ಪತ್ರ, ಅವರ ಗುರುತಿನ ದಾಖಲೆ, ಬ್ಯಾಂಕ್ ವಿವರ. ಎಲ್ಲದರ ಮೇಲೆ ಒಂದೇ ಪುಟದ ಪಟ್ಟಿ: ಯಾವ ತಾರೀಕು, ಯಾವ ಖಾತೆಯಿಂದ ಯಾವ ಖಾತೆಗೆ, ರೂಪಾಯಿ ಎಷ್ಟು, ಪೌಂಡ್ ಎಷ್ಟು, ದಾಖಲೆಯ ಪುಟಸಂಖ್ಯೆ ಯಾವುದು. ಅನುವಾದಕ್ಕೆ ನೂರು ಪೌಂಡಿನ ಮೇಲೆ ಸ್ವಲ್ಪ ಹೋಯಿತು. ಇಷ್ಟು ಅಚ್ಚುಕಟ್ಟಾದ ಫೈಲನ್ನು ಕೊಳ್ಳುವವರಿಂದ ಪಡೆದದ್ದು ಅಪರೂಪ ಎಂದು ಸಾಲಿಸಿಟರ್ ಬರೆದರು. ಆ ಇಮೇಲನ್ನು ನಾನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಟೈಟಲ್ ಓದುವುದನ್ನು ಕಲಿಯಲು ನಾವು ಬಾಡಿಗೆಗಿದ್ದ ಮನೆಯ ರಿಜಿಸ್ಟರನ್ನೇ ಲ್ಯಾಂಡ್ ರಿಜಿಸ್ಟ್ರಿಯಿಂದ 7 ಪೌಂಡ್ ಕೊಟ್ಟು ತರಿಸಿ ನೋಡಿದ್ದೆ. ಮಾಲೀಕರು ಕೊಟ್ಟ ಬೆಲೆ, ಅವರ ಸಾಲದ ಚಾರ್ಜ್ (ಅಡಮಾನ), ಹಳೆಯ ಕವೆನೆಂಟ್‌ಗಳು (ಆಸ್ತಿಗೆ ಅಂಟಿದ ಷರತ್ತುಗಳು) ಎಲ್ಲವೂ ಅದರಲ್ಲಿದ್ದವು. ಆ ಅಭ್ಯಾಸ ಎರಡನೆಯ ಮನೆಯಲ್ಲಿ ಕೈಹಿಡಿಯಿತು. ಜಾಹೀರಾತಿನಲ್ಲಿ ಗ್ಯಾರೇಜ್ ಸಹಿತ ಎಂದಿತ್ತು; ಗ್ಯಾರೇಜ್ ಮನೆಗೆ ಅಂಟಿಕೊಂಡಿರದೆ ಹಿಂದಿನ ಸಾಲಿನಲ್ಲಿತ್ತು. ಇನ್ನೊಂದು 7 ಪೌಂಡ್ ಕೊಟ್ಟು ಟೈಟಲ್ ಪ್ಲಾನ್ ತರಿಸಿದಾಗ, ಕೆಂಪು ಗೆರೆ ಮನೆಯನ್ನೂ ಹಿತ್ತಿಲನ್ನೂ ಸುತ್ತಿ ಬೇಲಿಯ ಹತ್ತಿರವೇ ನಿಂತುಬಿಟ್ಟಿತ್ತು, ಗ್ಯಾರೇಜಿನ ಸಾಲು ಅದರಿಂದ ಆಚೆಗಿತ್ತು. 1:1250 ಅಳತೆಯ ನಕ್ಷೆಯಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ ಒಂದೂಕಾಲು ಮೀಟರ್, ಆದ್ದರಿಂದ ಬೇಲಿಯ ಸಣ್ಣ ಏರುಪೇರು ಅದರಲ್ಲಿ ತಿಳಿಯುವುದಿಲ್ಲ; ಇಡೀ ಗ್ಯಾರೇಜ್ ಹೊರಗಿದ್ದರೆ ತಿಳಿಯದೆ ಹೋಗದು. ಸಾಲಿಸಿಟರ್ ಇಂಡೆಕ್ಸ್ ಮ್ಯಾಪ್ ಸರ್ಚ್ ಮಾಡಿಸಿ, ಅದಕ್ಕೆ ಬೇರೆಯೇ ಟೈಟಲ್ ನಂಬರ್ ಇರುವುದನ್ನೂ, ಮಾರುವವರ ಹೆಸರಿನ ಜೊತೆ ಅವರ ವಿಚ್ಛೇದಿತ ಪತ್ನಿಯ ಹೆಸರೂ ಇರುವುದನ್ನೂ ಹೊರತೆಗೆದರು. ಆಕೆಯ ಒಪ್ಪಿಗೆ ಬರಲು ಕೆಲವು ವಾರ ಹಿಡಿಯಿತು. ಸರ್ಚ್ ಇನ್ನೂ ಆಗಿಲ್ಲವೇಕೆ ಎಂದು ಏಜೆಂಟರು ಪದೇಪದೇ ಫೋನ್ ಮಾಡಿದರು. ಗ್ಯಾರೇಜ್ ಕರಾರಿನೊಳಗೆ ಬಂದ ಮೇಲೆಯೇ ಹಣ ಕಟ್ಟಿದೆ. ನಮ್ಮ ಕೌನ್ಸಿಲಿನ ಉತ್ತರ ಎರಡು ವಾರದೊಳಗೆ ಬಂದಿತು. ಎಲ್ಲ ಕೌನ್ಸಿಲುಗಳೂ ಅಷ್ಟು ಚುರುಕಾಗಿಲ್ಲ, ಹಾಗಾಗಿ ನಿಮ್ಮ ಕೌನ್ಸಿಲಿನ ಅವಧಿಯನ್ನು ವಿಚಾರಿಸಿಕೊಂಡೇ ಇದಕ್ಕೆ ಕೈಹಾಕಬೇಕು.

ಅಟ್ಟದ ಕೋಣೆಗೆ ಬಿಲ್ಡಿಂಗ್ ರೆಗ್ಯುಲೇಷನ್ ಪ್ರಮಾಣಪತ್ರ ಇರಲಿಲ್ಲ. ಮಾರುವವರ ಕಡೆಯವರು ಇನ್‌ಡೆಮ್ನಿಟಿ ವಿಮೆ ಕೊಡುತ್ತೇವೆ ಎಂದರು. ಆ ವಿಮೆ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೇ ಹೊರತು ತೊಲೆ ಗಟ್ಟಿಯಾಗಿದೆ ಎಂಬುದಕ್ಕಲ್ಲ. ಕೌನ್ಸಿಲಿಗೆ ನಾವೇ ಫೋನ್ ಮಾಡಿದರೆ ವಿಮೆಯೇ ಸಿಗದೆ ಹೋಗಬಹುದು, ಆದ್ದರಿಂದ ಅತ್ತ ತಲೆಹಾಕದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿದೆ. ನಾನೂರರಷ್ಟು ಖರ್ಚಾಯಿತು, ತೊಲೆ ಸರಿಯಿತ್ತು, ವಿಮೆಯನ್ನೂ ಮಾರುವವರ ಖರ್ಚಿನಲ್ಲೇ ಪಡೆದೆವು.

ಸಾಲಿಸಿಟರ್ ಜೊತೆಗಿನ ವ್ಯವಹಾರಕ್ಕೆ ಮಂಗಳವಾರ ಬೆಳಿಗ್ಗೆ ಒಂದೇ ಇಮೇಲ್, ಅದರಲ್ಲಿ ಅಂಕಿ ಹಾಕಿದ ಪ್ರಶ್ನೆಗಳು. ಶುಕ್ರವಾರ ಕಂಪ್ಲೀಷನ್‌ಗಳ (ಪೂರ್ತಿ ಹಣ ಸಂದು ಮನೆ ಕೈಗೆ ಬರುವ ಹಂತದ) ದಿನ, ಆವತ್ತು ನಾನು ಯಾವತ್ತೂ ಫೋನ್ ಮಾಡಲಿಲ್ಲ. ಅವರ ಫೀಸು, ವ್ಯಾಟ್, ಸರ್ಚ್, ನೋಂದಣಿ ಎಲ್ಲ ಸೇರಿ 2,600ರ ಸುಮಾರಿಗೆ ಮುಗಿಯಿತು. ಕಂಪ್ಲೀಷನ್ ಆದ 14 ದಿನದೊಳಗೆ ಸ್ಟಾಂಪ್ ಡ್ಯೂಟಿ ರಿಟರ್ನ್ ಹೋಗಬೇಕು. ಅದರ ರಸೀದಿಯನ್ನು ನಾನೇ ಕೇಳಿ ಪಡೆದೆ. ನೋಂದಣಿಯಾದ ಮೇಲೆ ಎರಡೂ ಟೈಟಲ್‌ಗಳ ರಿಜಿಸ್ಟರ್ ತರಿಸಿ ಹೆಸರಿನ ಅಕ್ಷರಗಳನ್ನು ಪಾಸ್‌ಪೋರ್ಟಿನೊಡನೆ ಹೋಲಿಸಿ ನೋಡಿದೆ, ಲ್ಯಾಂಡ್ ರಿಜಿಸ್ಟ್ರಿಯ ಉಚಿತ ಪ್ರಾಪರ್ಟಿ ಅಲರ್ಟ್ (ಟೈಟಲ್ ಮೇಲೆ ಚಟುವಟಿಕೆ ನಡೆದರೆ ತಿಳಿಸುವ) ಸೇವೆಗೆ ಮನೆಯನ್ನೂ ಗ್ಯಾರೇಜನ್ನೂ ಬೇರೆಬೇರೆಯಾಗಿ ಸೇರಿಸಿದೆ.