ಕಬ್ಬಿನ ಕೊಪಿಗಳಲ್ಲಿ ವಹಿ ಹಿಡಿದು ಮಾಡಿದ ಸೇವೆ: ನನ್ನ ಅನುಭವ

ಹೊಲದ ಬದಿಯ ಕೊಪಿಗಳಲ್ಲಿ, ಅಂದರೆ ಗುಡಿಸಲುಗಳಲ್ಲಿ, ಇರುವ ಕಬ್ಬು ಕಡಿಯುವವರ ನಡುವೆ ಸುವಾರ್ತೆ ಸೇವೆ ನೆಲೆ ಊರಲ್ಲ ಅಂತ ಪುಣೆಯ ನಮ್ಮ ಕನ್ನಡ ಕ್ರೈಸ್ತ ಸಭೆಗಳ ಹಿರಿಯರು ನನಗೆ ಎಷ್ಟೋ ಸಲ ಹೇಳಿದ್ದರು. "ಇವತ್ತು ದೌಂಡ್, ನಾಳೆ ಇಂದಾಪುರ, ಏಪ್ರಿಲ್ ಬಂತಂದ್ರೆ ಕೊಪಿ ಕಿತ್ಕೊಂಡು ಹೋಗ್ತಾರೆ. ಯಾರನ್ನ ಹಿಡ್ಕೊಂಡು ಸಭೆ ಕಟ್ತೀಯಪ್ಪಾ?" ಅನ್ನುತ್ತಿದ್ದರು. ಈಗ ಏಳೆಂಟು ವರ್ಷ ಆಯಿತು. ಇವರು ಬರುವ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಮೂರು ನಾಲ್ಕು ಊರುಗಳಲ್ಲಿ ಹತ್ತಿರ ಹತ್ತಿರ ಇಪ್ಪತ್ತೈದು ಮನೆಗಳಲ್ಲಿ ಪ್ರಾರ್ಥನೆ ನಡೆಯುತ್ತಿದೆ. ಎಲ್ಲರೂ ಕೊಯ್ತಾ (ಕಬ್ಬು ಕಡಿಯುವ ಕತ್ತಿ) ಹಿಡಿಯುವ ಜನ. ಹೊರಗಿನಿಂದ ಒಂದು ರೂಪಾಯಿ ಬಂದಿಲ್ಲ. ಆಗ ಬೇಡ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಸಾಕ್ಷಿ ಚಿಕ್ಕದು, ಆದರೆ ಅದನ್ನು ಬಿಟ್ಟರೆ ಮುಂದಿನದು ಅರ್ಥ ಆಗಲ್ಲ. ನಾನು ಇಂಡಿ ಕಡೆಯವನು. ಫರಸಿ (ನೆಲಕ್ಕೆ ಕಲ್ಲು ಹಾಸುವ) ಕೆಲಸಕ್ಕೆ ಪುಣೆಗೆ ಬಂದೆ, ಕೆಲವೇ ವರ್ಷಗಳಲ್ಲಿ ಮೇಸ್ತ್ರಿ ಆದೆ. ಕೈ ಕೆಳಗೆ ಮೂವತ್ತು ಜನ, ಯಾದಗಿರಿ, ಕಲಬುರಗಿ ಕಡೆಯವರೇ ಜಾಸ್ತಿ. ಎರಡು ವಹಿ, ಅಂದರೆ ಲೆಕ್ಕದ ಪುಸ್ತಕ, ಇಟ್ಟಿದ್ದೆ. ಕೂಲಿಯವರಿಗೆ ತೋರಿಸೋದು ಒಂದು, ನನ್ನ ಪೆಟ್ಟಿಗೆಯಲ್ಲಿ ಇರೋದು ಒಂದು. ನಮ್ಮ ಶೆಡ್ಡಿನಲ್ಲಿ ಬೀದರ್ ಕಡೆಯ ಒಬ್ಬ ಕಾಕಾ ಇದ್ದರು, ಸೆಂಟ್ರಿಂಗ್ ಕೆಲಸದವರು. ರಾತ್ರಿ ಊಟ ಆದ ಮೇಲೆ ಲೂಕನ ಸುವಾರ್ತೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಯಾರನ್ನೂ ಕರೆಯುತ್ತಿರಲಿಲ್ಲ. ಬೇಕಾದವರು ಕೇಳಬೇಕು, ಬೇಡವಾದವರು ಮಲಗಬೇಕು. ಹತ್ತೊಂಬತ್ತನೇ ಅಧ್ಯಾಯ ಬಂದ ರಾತ್ರಿ ನಾನು ಮಲಗಿಕೊಂಡೇ ಕೇಳುತ್ತಿದ್ದೆ. ಜಕ್ಕಾಯ ಸುಂಕದವನು, ಮೋಸದಿಂದ ತಗೊಂಡದ್ದಕ್ಕೆ ನಾಲ್ಕರಷ್ಟು ತಿರುಗಿ ಕೊಡ್ತೀನಿ ಅನ್ನುತ್ತಾನೆ. ಆ ಮಾತು ನನ್ನ ಪೆಟ್ಟಿಗೆಗೇ ಬಂದು ಬಡಿಯಿತು. ನನ್ನ ಎರಡನೇ ವಹಿಯಲ್ಲಿ ಯಾರದ್ದು ಎಷ್ಟು ಅಂತ ಹೆಸರು ಸಮೇತ ಇತ್ತಲ್ಲ!

ನಾಲ್ಕರಷ್ಟು ಕೊಡುವ ಶಕ್ತಿ ಇರಲಿಲ್ಲ. ಬೈಕ್ ಮಾರಿದೆ, ಊರಲ್ಲಿ ತಗೊಂಡಿದ್ದ ಜಾಗ ಮಾರಿದೆ. ತೊಂಬತ್ತು ಸಾವಿರದ ಆಸುಪಾಸು ಕೊಟ್ಟು ಮುಗಿಸಲು ಒಂದು ವರ್ಷದ ಮೇಲೆ ಹಿಡಿಯಿತು. ಊರಿಗೆ ಹೋಗಿಬಿಟ್ಟಿದ್ದವರ ಮನೆ ಹುಡುಕಿಕೊಂಡು ಶಹಾಪುರ, ಸುರಪುರ ತಿರುಗಿದೆ. ಅದೆಲ್ಲ ಮುಗಿದ ಮೇಲೆಯೇ ದೀಕ್ಷಾಸ್ನಾನ ತಗೊಂಡೆ. ಯೇಸು ನನ್ನ ಸಾಲ ತೀರಿಸಿದ ಅಂತ ನಾನು ಹಾಡುವಾಗ ಅದು ಬರೀ ಹಾಡಲ್ಲ.

ದೌಂಡ್ ಕಡೆ ಒಂದು ಬಂಗಲೆಯ ಫರಸಿ ಕೆಲಸಕ್ಕೆ ಹೋದಾಗ ಕೊಪಿಗಳನ್ನು ಮೊದಲು ಹತ್ತಿರದಿಂದ ನೋಡಿದೆ. ಖಡಕ್‌ವಾಸ್ಲಾ ಕಾಲುವೆ ನೀರಿನ ಸೀಮೆ, ಕಣ್ಣು ಹಾಯಿಸಿದಷ್ಟೂ ಕಬ್ಬು. ಹೊಲದ ಬದಿಗೆ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಸಾಲು, ಒಳಗಿಂದ ನಮ್ಮ ಭಾಷೆ ಕೇಳಿಸುತ್ತಿತ್ತು. ಅವತ್ತೇ ಮನಸ್ಸು ಅಲ್ಲಿಗೆ ಅಂಟಿಕೊಂಡಿತು.

ಮೊದಲ ಎರಡು ಸೀಜನ್ ಏನೂ ಆಗಲಿಲ್ಲ. ಎಲ್ಲರೂ ಮಾಡುವ ರೀತಿಯಲ್ಲೇ ಮಾಡಿದೆ. ಕನ್ನಡ ಕರಪತ್ರ ಎರಡು ಸಾವಿರ ಅಚ್ಚು ಹಾಕಿಸಿದೆ, ನಾಲ್ಕೂವರೆ ಸಾವಿರ ರೂಪಾಯಿ ಹೋಯಿತು. ದೊಡ್ಡವರಿಗೆ ಓದು ಬರಲ್ಲ, ಮಕ್ಕಳು ಕಲಿತದ್ದು ಮರಾಠಿ ಶಾಲೆಯಲ್ಲಿ. ಒಲೆ ಹಚ್ಚಲು ಉಪಯೋಗ ಆಯಿತು. ಸ್ಪೀಕರ್ ಸೆಟ್ ಎಂಟು ಒಂಬತ್ತು ಸಾವಿರ. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಹೊಲಕ್ಕೆ ಹೋಗುವ ಜನಕ್ಕೆ ರಾತ್ರಿ ಸ್ಪೀಕರ್ ಹಾಕಿದರೆ ಯಾರು ಬರುತ್ತಾರೆ? ಒಬ್ಬ ಸ್ನೇಹಿತರು ಹಳೇ ಬಟ್ಟೆ, ಕಂಬಳಿ ಗಂಟು ಕಳಿಸಿದರು. ಅದನ್ನು ಹಂಚಿದ ದಿನ ನೂರು ಜನ ಸೇರಿದರು, ಮುಂದಿನ ವಾರ ನಾಲ್ಕು ಜನ. ಜೊತೆಗೆ ಕಂಬಳಿ ಕೊಟ್ಟು ಜಾತಿ ಕೆಡಿಸ್ತಾನೆ ಅನ್ನುವ ಮಾತೂ ಹುಟ್ಟಿತು. ಅವತ್ತಿನಿಂದ ನಾನು ಒಂದು ಬಿಸ್ಕೀಟ್ ಪುಡಿಕೆ ಕೂಡ ಹಂಚಿಲ್ಲ. ಇದರಲ್ಲಿ ನಾನು ತುಂಬಾ ಗಟ್ಟಿ. ಹಂಚುವ ಕೈ ಹಿಂದೆ ಬಂದವರು ಹಂಚೋದು ನಿಂತ ದಿನ ಹೋಗುತ್ತಾರೆ.

ದಾರಿ ತೆರೆದದ್ದು ನನ್ನ ಹಳೇ ಕಸುಬಿನಿಂದ. ಒಂದು ಸಂಜೆ ಒಬ್ಬ ಅವ್ವ ಚೀಟಿಗಳ ಗಂಟು ತಂದು ಮುಂದೆ ಸುರಿದಳು. "ಅಣ್ಣಾ, ನೀ ಓದಾಂವ ಅದಿ. ಮುಕಾದಮ್ ನಮ್ಮ ಹೆಸರಿಗೆ ಏನ್ ಬರ್ದಾನ ನೋಡಿ ಹೇಳು" ಅಂದಳು. ಮುಕಾದಮ್ ಅಂದರೆ ಇವರನ್ನು ಕೆಲಸಕ್ಕೆ ಕರೆತರುವ ಗುತ್ತಿಗೆದಾರ. ನೋಡಿದೆ. ಸಕ್ಕರೆ ಕಾರ್ಖಾನೆಯೇ ಬಂದ್ ಇದ್ದ ಎರಡು ದಿನಕ್ಕೂ ಆ ಗಂಡ ಹೆಂಡತಿಗೆ ಖಾಡಾ ಹಾಕಿದ್ದ. ಗೈರುಹಾಜರಿ ದಂಡ, ದಿನಕ್ಕೆ ಐನೂರು. ಎರಡು ವಹಿ ಬರೆದವನಿಗೆ ಇಂಥದ್ದು ಕಣ್ಣಿಗೆ ಬೀಳದೆ ಇರುತ್ತಾ?

ಮರುದಿನವೇ ದೌಂಡ್ ಪೇಟೆಯಿಂದ ನೂರು ಪುಟದ ವಹಿ ಒಂದು ಡಜನ್ ತಂದೆ. ಒಂದು ಕೊಯ್ತಾಕ್ಕೆ, ಅಂದರೆ ಒಂದು ಜೋಡಿಗೆ, ಒಂದು ವಹಿ. ಹಂಚಲಿಲ್ಲ, ಅಸಲು ದುಡ್ಡಿಗೆ ಕೊಟ್ಟೆ. ಎಡಗಡೆ ತಾರೀಖು, ಆಮೇಲೆ ವಜನಿನ ಚೀಟಿಯ ಟನ್, ಆಮೇಲೆ ಖರ್ಚಿಗೆ ತಗೊಂಡದ್ದು, ಕೊನೆಗೆ ಖಾಡಾ. ಓದು ಬರದವರು ತಾವೇ ಲೆಕ್ಕ ಹಿಡಿಯಲಿ ಅಂತ ಟನ್ನಿಗೆ ಒಂದು ಉದ್ದ ಗೀಟು, ಅರ್ಧ ಟನ್ನಿಗೆ ಗಿಡ್ಡ ಗೀಟು. ಖಾಡಾಕ್ಕೆ ಕಾಟು, ಅಂದರೆ × ಗುರುತು. ಅಷ್ಟೇ.

ಲೆಕ್ಕ ಕೂಡಿಸಿದಾಗ ಎಲ್ಲರೂ ಗಪ್ಪಾದರು. ಟನ್ನಿಗೆ 273 ರೂಪಾಯಿ ಇದ್ದ ಕಬ್ಬು ಕಡಿಯುವ ದರ 2024ರ ಜನವರಿಯಲ್ಲಿ ಶೇಕಡಾ 34 ಏರಿ 366ರ ಹತ್ತಿರ ಬಂತು. ಒಂದು ಜೋಡಿ ದಿನಕ್ಕೆ ಎರಡು ಟನ್ ಕಡಿದರೂ ಏಳುನೂರ ಮೂವತ್ತು. ಒಂದು ಲಕ್ಷ ಉಚಲ (ಮುಂಗಡ) ತಗೊಂಡಿದ್ದರೆ ಅದು ತೀರಲು 135-140 ದಿನ ಬಿಡದೆ ಕಡಿಯಬೇಕು. ವಾರ ವಾರ ಹೊಟ್ಟೆಪಾಡಿಗೆ ತಗೊಳ್ಳುವ ಖರ್ಚಿ ಬೇರೆ. ಅದಕ್ಕೇ ಸಾಲ ಮುಂದಿನ ವರ್ಷಕ್ಕೆ ಉಳಿಯುತ್ತೆ, ಅದೇ ಮುಕಾದಮನ ಹಿಂದೆ ಮತ್ತೆ ಬರಬೇಕಾಗುತ್ತೆ. ವಹಿ ಇಟ್ಟ ಮೇಲೆ ಸೀಜನ್ನಿಗೆ ಜೋಡಿಗೆ ಆರೇಳು ಸಾವಿರ ಉಳಿಯಿತು ಅಂತ ಅವರೇ ಹೇಳುತ್ತಾರೆ.

ಮುಕಾದಮರು ಜಗಳಕ್ಕೆ ಬರಲಿಲ್ವಾ ಅಂತ ಎಲ್ಲಾ ಸೇವಕರೂ ಕೇಳುತ್ತಾರೆ. ಬಂದರು. ಅವರನ್ನು ಒಪ್ಪಿಸುವ ಒಂದು ದಾರಿ ನನಗೆ ಗೊತ್ತಿದೆ, ಅದನ್ನು ಇಲ್ಲಿ ಬರೆಯಲ್ಲ. ಬರೆದರೆ ಆಮೇಲೆ ಅದು ನಡೆಯಲ್ಲ. ಜೊತೆಗೆ ಬಂದು ಎರಡು ವಾರ ಇದ್ದವರಿಗೆ ತೋರಿಸುತ್ತೇನೆ.

ವಹಿ ಬರೆದು ಮುಗಿದ ಮೇಲೆ ಕಥೆ. ವಾರಕ್ಕೆ ಒಂದೇ. ಮೊದಲು ಹೇಳೋದು ಮತ್ತಾಯ ಇಪ್ಪತ್ತರ ದ್ರಾಕ್ಷಿತೋಟದ ಕೂಲಿಯವರ ಕಥೆ. ಬೆಳಗ್ಗೆಯಿಂದ ದುಡಿದವನಿಗೂ ಸಂಜೆ ಒಂದು ತಾಸು ದುಡಿದವನಿಗೂ ಒಂದೇ ಕೂಲಿ. ಸಭೆಯಲ್ಲಿ ಈ ಕಥೆ ಓದಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಕೊಪಿಯಲ್ಲಿ ಜಗಳವೇ ಆಯಿತು! "ಇದು ಅನ್ಯಾಯ ಅಲ್ಲೇನು? ನಾವು ನಸುಕಿನಾಗ ಎದ್ದು ಕಡೀತೀವಿ" ಅಂತ ಒಬ್ಬ ಎದ್ದು ನಿಂತ. ಅವನ ಅತ್ತಿಗೆ ಒಲೆ ಮುಂದಿನಿಂದಲೇ ಹೇಳಿದಳು: "ಕಡೀಕ್ ಬಂದಾವನ ಮನ್ಯಾಗೂ ಹಸದ ಕೂಸ ಇರ್ತಾವಲ್ಲೋ." ನಾನು ಬಾಯಿ ಬಿಡಲಿಲ್ಲ. ಆ ರಾತ್ರಿ ಅವರು ಮಾತಾಡಿದ್ದನ್ನು ಯಾವ ಬೈಬಲ್ ಶಾಲೆಯಲ್ಲೂ ನಾನು ಕೇಳಿಲ್ಲ. ಜಕ್ಕಾಯನ ಕಥೆ ತಿಂಗಳು ಕಳೆದ ಮೇಲೆ ಹೇಳುತ್ತೇನೆ, ನನ್ನ ಸಾಕ್ಷಿ ಸೇರಿಸಿ.

ಹಾಡಿನದ್ದೂ ಹೀಗೇ. ನಮ್ಮ ಸಭೆಯ ಕೀರ್ತನೆಗಳ ರಾಗ ಅವರ ಬಾಯಿಗೆ ಕೂರಲಿಲ್ಲ. ಜಕ್ಕಾಯನನ್ನು ಗೀಗೀ ಧಾಟಿಗೆ ಹಾಕಿದೆ, ತಾಳ ದಮ್ಮಡಿ ಅವರ ಹತ್ತಿರವೇ ಇತ್ತು. ಇದು ಹೊಸದೇನಲ್ಲ. 1895ರಲ್ಲಿ ಮುಂಬೈಯಲ್ಲಿ ದೀಕ್ಷಾಸ್ನಾನ ತಗೊಂಡ ಕವಿ ನಾರಾಯಣ ವಾಮನ ಟಿಳಕರು ಮರಾಠಿಯಲ್ಲಿ ಅಭಂಗ, ಕೀರ್ತನದ ಧಾಟಿಯಲ್ಲೇ ಯೇಸುವನ್ನು ಹಾಡಿದರು. ಗೋವಾದಲ್ಲಿ ಫಾದರ್ ಸ್ಟೀಫನ್ಸ್ 1616ರಲ್ಲೇ ಓವಿಯಲ್ಲಿ (ಮರಾಠಿ ಪದ್ಯದ ಒಂದು ಧಾಟಿ) ಕ್ರಿಸ್ತ ಪುರಾಣ ಮಾಡಿ ಅಚ್ಚು ಹಾಕಿಸಿದ್ದರು. ನಾವು ಕನ್ನಡದವರು ಇದರಲ್ಲಿ ಹಿಂದೆ ಬಿದ್ದಿದ್ದೇವೆ ಅಂತ ನನಗೆ ನಿಜವಾಗಿ ನೋವಿದೆ.

ನಡುವೆ ಬೇರೆ ಕೆಲವೂ ಮಾಡಿ ನೋಡಿದೆ. ಮೆಮೊರಿ ಕಾರ್ಡಿನಲ್ಲಿ ಕಥೆ ತುಂಬಿಸಿ ಕೊಟ್ಟೆ. ಗಂಡಸರು ಅಳಿಸಿ ಸಿನಿಮಾ ಹಾಡು ತುಂಬಿದರು, ಆದರೆ ಗಾಡಿಯವರ ಹತ್ತಿರ ಉಳಿಯಿತು. ಕಾರ್ಖಾನೆ ಯಾರ್ಡಿನಲ್ಲಿ ಎತ್ತು ಬಿಟ್ಟು ತಾಸುಗಟ್ಟಲೆ ಪಾಳಿ ಕಾಯುತ್ತಾರಲ್ಲ, ಆಗ ಕೇಳುತ್ತಾರೆ. ಗೋವಾದ ಝುವಾರಿನಗರದ ನಮ್ಮ ಕನ್ನಡ ಜನರ ನಡುವೆ ಒಂದು ಮಳೆಗಾಲ ವಹಿ ಪ್ರಯತ್ನಿಸಿದೆ. ಅಲ್ಲಿ ದಿನದ ಕೂಲಿ ದಿನವೇ ಕೈಗೆ ಬರುತ್ತೆ, ವಹಿ ಬೇಕಾಗಲಿಲ್ಲ.

ಎಲ್ಲಕ್ಕಿಂತ ಮುಖ್ಯ ಏಪ್ರಿಲ್ ನಂತರದ್ದು. ಜನ ಊರಿಗೆ ಹೊರಟರೆ ಸೇವೆ ಮುಗೀತು ಅಂತ ಬಿಡಬಾರದು. ಮಳೆಗಾಲದಲ್ಲಿ ತಿಂಗಳಿಗೆ ಒಂದು ಸಲ ಜತ್ತಕ್ಕೆ ಹೋಗುತ್ತೇನೆ, ಮೊದಲು ಮನೆಯ ಹಿರಿಯರನ್ನು ಮಾತಾಡಿಸುತ್ತೇನೆ. ದೀಕ್ಷಾಸ್ನಾನ ಕೇಳಿದವರನ್ನು ಇಡೀ ಒಂದು ಸೀಜನ್ ಕಾಯಿಸುತ್ತೇನೆ. ಪರಿಶಿಷ್ಟ ಜಾತಿಯವರಿಗೆ ಇನ್ನೊಂದು ಮಾತು ಬಿಡಿಸಿ ಹೇಳುತ್ತೇನೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತರಾದರೆ ಆ ಪಟ್ಟಿಯ ಸೌಲಭ್ಯ ಹೋಗುತ್ತೆ. ಸಿಖ್ಖರನ್ನು 1956ರಲ್ಲಿ, ಬೌದ್ಧರನ್ನು 1990ರಲ್ಲಿ ಸೇರಿಸಿದರು, ಕ್ರೈಸ್ತರನ್ನು ಇನ್ನೂ ಸೇರಿಸಿಲ್ಲ. ಇದನ್ನು ಮುಚ್ಚಿಟ್ಟು ನೀರಿಗಿಳಿಸುವ ಸೇವಕರ ಮೇಲೆ ನನಗೆ ಸಿಟ್ಟಿದೆ. ಅದೂ ಎರಡು ವಹಿ ಇಟ್ಟ ಹಾಗೇ ಅಲ್ವಾ? ಕೇಳಿ ಹಿಂದೆ ಸರಿದವರಿದ್ದಾರೆ. ಅವರ ವಹಿಯನ್ನು ಈಗಲೂ ನಾನೇ ನೋಡಿಕೊಡುತ್ತೇನೆ.

ದುಡ್ಡಿನ ವಿಷಯ. ವಾರದಲ್ಲಿ ನಾಲ್ಕು ದಿನ ಪುಣೆಯಲ್ಲಿ ಫರಸಿ ಹಾಕುತ್ತೇನೆ, ಮೂರು ದಿನ ಕೊಪಿ. ಪೌಲನೂ ಗುಡಾರ ಹೊಲಿದೇ ಊಟ ಮಾಡಿದ. ರೈಲು, ಪೆಟ್ರೋಲು, ಚಹಾ ಸೇರಿ ಸೀಜನ್ನಿನಲ್ಲಿ ತಿಂಗಳಿಗೆ ಮೂರೂವರೆ ಸಾವಿರ ಖರ್ಚು. ಕೇಡಗಾಂವಿನಲ್ಲಿ ಪಂಡಿತಾ ರಮಾಬಾಯಿಯವರು ಮಾಡಿದ್ದು ನೋಡಿ. 1858ರಲ್ಲಿ ನಮ್ಮ ಕರ್ನಾಟಕದ ಘಟ್ಟದಲ್ಲಿ ಹುಟ್ಟಿದವರು, ಇದೇ ದೌಂಡ್ ತಾಲ್ಲೂಕಿಗೆ ಬಂದು ಮುಕ್ತಿ ಮಿಷನ್ ಕಟ್ಟಿದರು. ಬರಗಾಲದಲ್ಲಿ ಅನಾಥರಾದ ಹುಡುಗಿಯರಿಗೆ ಊಟದ ಜೊತೆ ನೇಯ್ಗೆ, ಹೊಲದ ಕೆಲಸ, ಅಚ್ಚಿನ ಕೆಲಸ ಕಲಿಸಿದರು. ಬೈಬಲನ್ನು ತಾವೇ ಸರಳ ಮರಾಠಿಗೆ ತಂದರು, ಆ ಹೆಣ್ಣುಮಕ್ಕಳೇ ಅಚ್ಚು ಹಾಕಿದರು. ನನ್ನ ಕೆಲಸ ಅವರ ಮುಂದೆ ತೀರಾ ಚಿಕ್ಕದು. ಆದರೆ ದಾರಿ ಅದೇ ಅಂತ ನಂಬಿದ್ದೇನೆ.

ಈ ವರ್ಷ ಇಂದಾಪುರ ಕಡೆ ಇನ್ನೆರಡು ಟೋಳಿಗಳಿಗೆ (ಕಡಿಯುವವರ ಗುಂಪುಗಳಿಗೆ) ವಹಿ ಬೇಕಾಗಿದೆ, ಒಬ್ಬನ ಕೈಲಿ ಆಗಲ್ಲ. ಬರುವವರು ದಸರೆಗೆ ಮೊದಲೇ ತಿಳಿಸಿ, ದಸರೆ ಆದ ಮೇಲೆ ಟೋಳಿಗಳು ಹೊರಡುತ್ತವೆ. ಹಾಸಿಗೆ, ಬ್ಯಾಟರಿ, ಸ್ವೆಟರ್ ತನ್ನಿ, ಡಿಸೆಂಬರಿನಲ್ಲಿ ಹೊಲದ ಚಳಿ ಜೋರಿರುತ್ತೆ. ಗುಣಾಕಾರ, ಭಾಗಾಕಾರ ಬರಬೇಕು. ಕರಪತ್ರ ಮಾತ್ರ ಬೇಡ.